ಮಂಜಿನಲ್ಲಿ ಮೊದಲು ಕಂಡದ್ದು ಹಾಲಿನ ಕ್ಯಾನು

ಒಂದು ಜನವರಿ ಬೆಳಿಗ್ಗೆ ಮಲೇಬೆನ್ನೂರಿನ ಕಡೆಯಿಂದ ದಾವಣಗೆರೆಗೆ ಬೈಕಿನಲ್ಲಿ ಬರುತ್ತಿದ್ದೆ. ಆರೂವರೆ ಇರಬಹುದು. ಎರಡೂ ಕಡೆ ಗದ್ದೆ, ಎದುರಿಗೆ ಬರೀ ಬೆಳ್ಳಗಿನ ಮಂಜು. ಮುಂದೆ ಏನೋ ಮಿಣಕ್ ಅಂತು. ಬ್ರೇಕ್ ಒತ್ತಿದೆ. ಬೈಕ್ ನಿಂತಾಗ ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಅಲ್ಯೂಮಿನಿಯಂ ಹಾಲಿನ ಕ್ಯಾನು. ಅದನ್ನು ಹಿಡಿದವರು ಆಮೇಲೆ ಕಂಡರು. ತಲೆಯಿಂದ ಮೊಣಕಾಲಿನವರೆಗೆ ಕರಿ ಕಂಬಳಿ. ನಾನು ಮೂವತ್ತೈದರ ವೇಗದಲ್ಲಿದ್ದೆ. ಅದೂ ಬುದ್ಧಿವಂತಿಕೆಯಿಂದಲ್ಲ, ಚಳಿಗೆ ಕೈ ಮರಗಟ್ಟಿದ್ದರಿಂದ.

‘ನಿಮ್ ಲೈಟು ನಂಗೆ ಆಗ್ಲೇ ಕಂಡಿತ್ತಲ್ಲ’ ಅಂದರು ಅಜ್ಜ.

ಅಜ್ಜನ ಮಾತಿನಲ್ಲೇ ಇದೆ ಎಡವಟ್ಟು. ನಡೆಯುವವರಿಗೆ ಹೆಡ್‌ಲೈಟು ದೂರದಿಂದಲೇ ಕಾಣುತ್ತದೆ. ಹಾಗಾಗಿ ಗಾಡಿಯವನಿಗೂ ನಾವು ಕಾಣುತ್ತಿದ್ದೇವೆ ಅಂದುಕೊಳ್ಳುತ್ತಾರೆ. ಅವನ ಕಣ್ಣಿಗೆ ಬೀಳುವುದು ಮೈಗೆ ಬಡಿದು ವಾಪಸ್ಸಾದ ಬೆಳಕು ಮಾತ್ರ. ಕರಿ ಕಂಬಳಿ ಬೆಳಕನ್ನು ನುಂಗಿಬಿಡುತ್ತದೆ. ಮಂಜಿಲ್ಲದ ರಾತ್ರಿಯಲ್ಲೂ ಲೋ ಬೀಮ್‌ನಲ್ಲಿ ಕಪ್ಪು ಬಟ್ಟೆಯವರು ಕಾಣುವುದು ಸುಮಾರು ಮೂವತ್ತು ಮೀಟರ್ ಹತ್ತಿರ ಬಂದ ಮೇಲೆಯೇ.

ಮಾಗಿಯ ಮಂಜು ಹುಟ್ಟುವುದು ನೆಲದಿಂದ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ನೆಲ ತನ್ನ ಕಾವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಡುತ್ತದೆ. ನೆಲ ತಣ್ಣಗಾದರೆ ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ, ಅದರಲ್ಲಿರುವ ತೇವ ಹನಿಯಾಗುತ್ತದೆ. ಭದ್ರಾ ನಾಲೆ, ಗದ್ದೆ, ತೋಟ ಇರುವ ಕಡೆ ತೇವಕ್ಕೇನು ಬರ? ಒಂದೊಂದು ಹನಿಯೂ ಮಿಲಿಮೀಟರಿನ ನೂರನೇ ಒಂದು ಪಾಲಿನ ಆಸುಪಾಸು. ಅಂಥ ಲೆಕ್ಕವಿಲ್ಲದಷ್ಟು ಹನಿಗಳು ಬೆಳಕನ್ನು ದಿಕ್ಕಾಪಾಲು ಮಾಡುತ್ತವೆ. ಒಂದು ಕಿಲೋಮೀಟರ್ ಆಚೆಗೆ ಕಾಣದಿದ್ದರೆ ಅದನ್ನು ಹವಾಮಾನದವರು ಮಂಜು ಅನ್ನುತ್ತಾರೆ. ಹೈ ಬೀಮ್ ಹಾಕಿದರೆ ಜಾಸ್ತಿ ಕಾಣುತ್ತೆ ಅಂತ ಹಾಕುತ್ತೀವಿ, ಅಲ್ವಾ? ಆ ಬೆಳಕು ಹನಿಗಳಿಗೆ ಬಡಿದು ನಮ್ಮ ಕಣ್ಣಿಗೇ ಬಂದು ಕುಕ್ಕುತ್ತದೆ. ಲೋ ಬೀಮ್ ಕೆಳಗೆ ನೆಲ ನೋಡುತ್ತದೆ, ಅದೇ ವಾಸಿ.

ಇನ್ನೊಂದು ವಿಚಿತ್ರ. ವರ್ಷದ ಅತಿ ಚಿಕ್ಕ ಹಗಲು ಡಿಸೆಂಬರ್ 21-22ಕ್ಕೇ ಮುಗಿಯುತ್ತದೆ. ಆದರೆ ನಮ್ಮ ಕಡೆ ಸೂರ್ಯ ಎಲ್ಲಕ್ಕಿಂತ ತಡವಾಗಿ ಏಳುವುದು ಸಂಕ್ರಾಂತಿ ಕಳೆದ ಮೇಲೆ, ಏಳು ಗಂಟೆಗೆ ಇನ್ನೇನು ಐದಾರು ನಿಮಿಷ ಇದೆ ಅನ್ನುವಾಗ. ಧನುರ್ಮಾಸದ ಪೂಜೆಗೆ ಕತ್ತಲಲ್ಲೇ ಹೊರಟವರು, ಕುಂದವಾಡ ಕೆರೆಗೆ ವಾಕಿಂಗ್ ಹೋಗುವವರು, ಹಾಲಿನವರು, ಪೇಪರ್ ಹಾಕುವ ಹುಡುಗರು, ಎಲ್ಲರೂ ಈ ಕತ್ತಲಲ್ಲೇ ರಸ್ತೆಗೆ ಇಳಿಯುತ್ತಾರೆ. ಇದರ ಜೊತೆಗೆ ಸರ್ವಿಸ್ ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಹರವಿ, ಸುತ್ತ ಕಲ್ಲಿಟ್ಟಿರುತ್ತಾರೆ. ನಡೆಯುವವರು ಗಾಡಿ ಓಡುವ ಜಾಗಕ್ಕೇ ಬರಬೇಕು. ರೈತರಿಗೆ ಕಣವಿಲ್ಲ, ನಿಜ. ಆದರೂ ಆ ಕಲ್ಲು ನೋಡಿದರೆ ನನಗೆ ಸಿಟ್ಟೇ ಬರುತ್ತದೆ.

ಈಗ ಸ್ವಲ್ಪ ಲೆಕ್ಕ. ಗಂಟೆಗೆ 60 ಕಿ.ಮೀ. ಅಂದರೆ ಸೆಕೆಂಡಿಗೆ ಹೆಚ್ಚುಕಡಿಮೆ 17 ಮೀಟರ್. ಕಣ್ಣು ನೋಡಿ, ಕಾಲು ಬ್ರೇಕ್ ಮುಟ್ಟುವಷ್ಟರಲ್ಲಿ ಒಂದೂವರೆ ಸೆಕೆಂಡ್ ಹೋಗುತ್ತದೆ. ಅಷ್ಟರಲ್ಲೇ 25 ಮೀಟರ್ ಖಾಲಿ. ಇಬ್ಬನಿಗೆ ಒದ್ದೆಯಾದ ರಸ್ತೆಯಲ್ಲಿ ಗಾಡಿ ನಿಲ್ಲಲು ಇನ್ನೂ 30 ಮೀಟರ್ ಬೇಕು. ಒಟ್ಟು 55. ಅಜ್ಜ ಕಾಣುವುದು 30ಕ್ಕೆ. ಅದೇ 40ರ ವೇಗದಲ್ಲಿದ್ದರೆ ಒಟ್ಟು 30 ಮೀಟರ್ ಸಾಕು, ಕೂದಲೆಳೆಯಲ್ಲಿ ಪಾರು.

ಕೋರ್ಟೂ ಹೆಚ್ಚುಕಡಿಮೆ ಇದೇ ಲೆಕ್ಕ ಕೇಳುತ್ತದೆ. ‘ಮಂಜಿತ್ತು ಸಾರ್, ಕಾಣಿಸ್ಲಿಲ್ಲ’ ಅನ್ನುವುದು ಡ್ರೈವರಿಗೆ ತಪ್ಪಿಸಿಕೊಳ್ಳುವ ದಾರಿ ಅನ್ನಿಸಬಹುದು. ನನಗೆ ಅದು ತಪ್ಪೊಪ್ಪಿಗೆಯ ಹಾಗೆ ಕೇಳುತ್ತದೆ. ಕಾಣದಿದ್ದರೆ ನಿಧಾನ ಮಾಡಬೇಕಿತ್ತಲ್ಲ? ಮಾಗಿಯ ಮಂಜು ಹೇಳದೇ ಕೇಳದೇ ಬಂದ ಸಿಡಿಲಲ್ಲ. 2017ರ ಚಾಲನಾ ನಿಯಮಗಳ ಪ್ರಕಾರವೂ ಹವೆ ಮತ್ತು ಕಾಣುವ ದೂರ ನೋಡಿಕೊಂಡೇ ವೇಗ ಇಟ್ಟುಕೊಳ್ಳಬೇಕು. ನಿರ್ಲಕ್ಷ್ಯದಿಂದ ಸಾವಾದರೆ ಭಾರತೀಯ ನ್ಯಾಯ ಸಂಹಿತೆಯ 106(1)ರಲ್ಲಿ ಐದು ವರ್ಷದವರೆಗೆ ಜೈಲು. ಪರಿಹಾರದ ದಾರಿ ಬೇರೆ. ಮೋಟಾರು ವಾಹನ ಕಾಯ್ದೆಯ 164ನೇ ಸೆಕ್ಷನ್‌ನಲ್ಲಿ ತಪ್ಪು ಯಾರದು ಅಂತ ಸಾಬೀತು ಮಾಡಬೇಕಿಲ್ಲ. ಸಾವಿಗೆ 5 ಲಕ್ಷ, ಗಂಭೀರ ಗಾಯಕ್ಕೆ ಎರಡೂವರೆ ಲಕ್ಷ. ಜಾಸ್ತಿ ಬೇಕೆಂದರೆ 166ರಲ್ಲಿ ಎಂವಿಸಿ ಕೇಸು, ಅಂದರೆ ಅಪಘಾತ ಪರಿಹಾರದ ಕೇಸು ಹಾಕಬೇಕು. ಅಲ್ಲಿ ನಡೆಯುವವರ ತಪ್ಪೂ ಇದ್ದರೆ ಆ ಪಾಲು ಕಳೆಯುತ್ತಾರೆ. ಗುದ್ದಿ ಓಡಿಹೋದ ಗಾಡಿ ಯಾವುದೆಂದು ಗೊತ್ತಾಗದಿದ್ದರೂ ಸಾವಿಗೆ 2 ಲಕ್ಷ, ಗಂಭೀರ ಗಾಯಕ್ಕೆ 50 ಸಾವಿರದ ಪರಿಹಾರ ಇದೆ.

ಕಂಬಳಿ ಹೊದ್ದದ್ದೇ ತಪ್ಪು ಅನ್ನುವ ವಾದ ಮಾತ್ರ ನನಗೆ ಒಪ್ಪಿಗೆಯಿಲ್ಲ. ಚಳಿಗೆ ಇನ್ನೇನು ಹೊದೆಯಬೇಕು?

ಆದರೆ ಒಂದು ರೇಡಿಯಂ ಪಟ್ಟಿ ಹಚ್ಚಿಕೊಳ್ಳಬಹುದು. ನಾವು ರೇಡಿಯಂ ಅನ್ನುತ್ತೇವೆ ಅಷ್ಟೇ, ಅದರಲ್ಲಿ ರೇಡಿಯಂ ಇಲ್ಲ. ಇರುವುದು ಸಣ್ಣ ಗಾಜಿನ ಮಣಿಗಳು, ಇಲ್ಲವೇ ಪುಟ್ಟ ಪಟ್ಟಕಗಳು. ಬೆಳಕು ಎತ್ತಲಿಂದ ಬಂತೋ ಅತ್ತಲೇ ವಾಪಸ್ ಕಳಿಸುತ್ತವೆ, ಅಂದರೆ ಸೀದಾ ಡ್ರೈವರನ ಕಣ್ಣಿಗೆ. ಎಲ್ಲಿ ಹಚ್ಚಬೇಕು ಅನ್ನುವುದೂ ಮುಖ್ಯ. ಎದೆಯ ಮೇಲೆ ಹಚ್ಚಿದರೆ ಅದು ಮೈಲಿಗಲ್ಲೋ ಮನುಷ್ಯನೋ ಬೇಗ ಗೊತ್ತಾಗುವುದಿಲ್ಲ. ಕಾಲ್ಗಂಟಿಗೆ, ಮೊಣಕಾಲಿಗೆ ಕಟ್ಟಿದರೆ ಹೆಜ್ಜೆ ಹಾಕಿದ ಹಾಗೆ ಅದೂ ಆಡುತ್ತದೆ. ‘ನಡೀತಿರೋ ಮನುಷ್ಯ’ ಅಂತ ಮಿದುಳು ತಟ್ಟನೆ ಗುರುತಿಸುತ್ತದೆ. ದಾವಣಗೆರೆಯಿಂದ ಕೊಟ್ಟೂರಿಗೆ ಪಾದಯಾತ್ರೆ ಹೋಗುವವರು ಕಾಲಿಗೆ ಗೆಜ್ಜೆಯ ಹಾಗೆ ಇದನ್ನು ಕಟ್ಟಿಕೊಂಡರೆ ಸಾಕು.

ಮುಂದಿನ ವಾರ ಅದೇ ರಸ್ತೆಯಲ್ಲಿ ಅಜ್ಜ ಮತ್ತೆ ಸಿಕ್ಕರು. ಎರಡು ಪಟ್ಟಿ ಕೊಟ್ಟೆ, ಕಾಲಿಗೆ ಕಟ್ಕೊಳ್ಳಿ ಅಂದೆ. ತಿರುಗಿಸಿ ನೋಡಿದರು, ಚೆನ್ನಾಗಿದೆ ಅಂದರು, ಎರಡನ್ನೂ ಹಾಲಿನ ಕ್ಯಾನಿಗೆ ಅಂಟಿಸಿದರು.