ಈ ಬಟ್ಟಲು ಕೈಯಲ್ಲಿ ಕೊರೆದದ್ದಾ, ಅಚ್ಚಿಗೆ ಒತ್ತಿದ್ದಾ?

ಪ್ರಶ್ನೆ: ನಾವಿರುವುದು ನ್ಯೂಜೆರ್ಸಿಯಲ್ಲಿ. ಹೋದ ತಿಂಗಳು ಪಕ್ಕದ ಬೀದಿಯ ಹಳೇ ಮನೆಯೊಂದರ ಎಸ್ಟೇಟ್ ಸೇಲ್‌ನಲ್ಲಿ, ಅಂದರೆ ಮನೆಯ ಸಾಮಾನೆಲ್ಲ ಮಾರುವಾಗ, ಒಂದು ಗಾಜಿನ ಬಟ್ಟಲು ತಗೊಂಡೆ. 8 ಇಂಚು ಅಗಲ, ಒಳ್ಳೇ ಭಾರ, ಮೈತುಂಬಾ ನಕ್ಷತ್ರದ ಕೆಲಸ. ಮಾರಿದವರು "ಕಟ್ ಗ್ಲಾಸ್, ನೂರು ವರ್ಷ ಹಳೇದು" ಅಂದರು. ಮನೆಗೆ ಬಂದ ಸ್ನೇಹಿತರು "ಇದು ಬರೀ ಅಚ್ಚಿನ ಗಾಜು" ಅಂತಾರೆ. ಯಾರನ್ನು ನಂಬಲಿ? ನಾನೇ ಗೊತ್ತುಮಾಡಿಕೊಳ್ಳುವುದು ಹೇಗೆ?

ಉತ್ತರ: ಇಬ್ಬರನ್ನೂ ಬಿಡಿ, ಬಟ್ಟಲನ್ನೇ ಕೇಳೋಣ. ಹಳೇ ಗಾಜು ಕೂಡಿಡುವವರ ಹತ್ತಿರ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದೇ. ಉತ್ತರ ಮುಕ್ಕಾಲು ಪಾಲು ಬೆರಳಿಗೇ ಸಿಗುತ್ತದೆ.

ಕೈ ತೊಳೆದು ಒರೆಸಿಕೊಳ್ಳಿ. ಮಡಚಿದ ಟವೆಲ್ ಮೇಲೆ ಬಟ್ಟಲನ್ನು ಬೋರಲು ಹಾಕಿ. ಎರಡು ಗೆರೆಗಳು ಕೂಡುವ ಕಡೆ ಒಂದು ಏಣು ಎದ್ದಿರುತ್ತದೆ, ನೋಡಿ. ಅದರ ಮೇಲೆ ತೋರುಬೆರಳ ತುದಿ ಇಟ್ಟು ಮೆಲ್ಲಗೆ ಸರಿಸಿ. ಚುರುಕ್ಕೆಂದು ಬೆರಳಿಗೆ ಹತ್ತಿದರೆ, ಸ್ವಲ್ಪ ಒತ್ತಿದರೆ ಕೊಯ್ದೀತು ಅನ್ನಿಸಿದರೆ, ಅದು ಸಾಣೆ ಚಕ್ರದ ಕೆಲಸ, ಅಂದರೆ ಕಟ್ ಗ್ಲಾಸ್. ನಾಲ್ಕು ದಿನ ಬಳಸಿದ ಸೋಪಿನ ಅಂಚಿನ ಹಾಗೆ ದುಂಡಗೆ ಜಾರಿದರೆ ಅಚ್ಚಿನ ಗಾಜು.

ಯಾಕೆ ಹೀಗೆ? ಅಚ್ಚಿಗೆ ಸುರಿದ ಬಿಸಿ ಗಾಜು ಜೇನಿನಷ್ಟು ಮಂದ. ಅಚ್ಚಿನ ಚೂಪು ಮೂಲೆಗಳ ತುದಿಯವರೆಗೂ ಅದು ಹೋಗುವುದಿಲ್ಲ. ಹೊರಗೆ ತೆಗೆದ ಮೇಲೆ ಅಚ್ಚಿನ ಕೂಡುಗೆರೆ ಕಾಣದಿರಲಿ ಅಂತ ಮತ್ತೊಮ್ಮೆ ಬೆಂಕಿಗೆ ಹಿಡಿಯುತ್ತಿದ್ದರು. ಆಗ ಉಳಿದ ಚೂಪೂ ಕರಗಿ ಮೆತ್ತಗಾಗುತ್ತಿತ್ತು. ಕಟ್ ಗ್ಲಾಸ್‌ನಲ್ಲಿ ಚಕ್ರ ಕೊರೆಯುವುದು ಆರಿ ಗಟ್ಟಿಯಾದ ಗಾಜನ್ನು. ಪಕ್ಕಪಕ್ಕದ ಎರಡು ಕೊರೆತ ಕೂಡಿದಲ್ಲಿ ಏಣು ಚೂಪಾಗದೆ ಬೇರೆ ದಾರಿಯೇ ಇಲ್ಲ.

ಮನೆ ಮುಂದೆ ರಂಗೋಲಿ ಹಾಕುವವರಿಗೆ ಇದು ಬೇಗ ಅರ್ಥವಾಗುತ್ತದೆ. ತೂತಿನ ಅಚ್ಚಿಗೆ ಪುಡಿ ಸುರಿದು ಎತ್ತಿದರೆ ಪ್ರತಿ ಸಲವೂ ಅದೇ ಹೂವು. ಬೆರಳಲ್ಲಿ ಎಳೆ ಎಳೆದರೆ ಒಂದು ದಳ ಕೂದಲಿನಷ್ಟು ಜಾಸ್ತಿ ದಪ್ಪ, ಇನ್ನೊಂದು ಸ್ವಲ್ಪ ಉದ್ದ. ಕಟ್ ಗ್ಲಾಸ್‌ನಲ್ಲೂ ಹುಡುಕಬೇಕಾದ್ದು ಆ ಕೂದಲಿನಷ್ಟು ವ್ಯತ್ಯಾಸವನ್ನೇ. ಒಂದು ಭೂತಗನ್ನಡಿ ಇಟ್ಟುಕೊಳ್ಳಿ.

ಭೂತಗನ್ನಡಿಯಲ್ಲಿ ಏನು ಕಾಣುತ್ತದೆ ಅನ್ನುವ ಮುಂಚೆ ಈ ಬಟ್ಟಲುಗಳು ಎಲ್ಲಿಂದ ಬಂದವು ಅಂತ ಎರಡು ಮಾತು. ಅಮೆರಿಕದಲ್ಲಿ ಕಟ್ ಗ್ಲಾಸ್‌ನ ವೈಭವದ ಕಾಲ ಸುಮಾರು 1876ರಿಂದ ಮೊದಲ ಮಹಾಯುದ್ಧದವರೆಗೆ. ಸಂಗ್ರಹಕಾರರು ಇದನ್ನು ಬ್ರಿಲಿಯಂಟ್ ಕಾಲ ಅಂತ ಕರೆಯುತ್ತಾರೆ. 1876ರಲ್ಲಿ ಫಿಲಡೆಲ್ಫಿಯಾದಲ್ಲಿ ದೇಶದ ನೂರನೇ ವರ್ಷದ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಅಲ್ಲಿ ಅಮೆರಿಕದ ಕಂಪನಿಗಳ ಗಾಜು ನೋಡಿದ ಮೇಲೆ ಜನರಿಗೆ ಅದರ ಹುಚ್ಚು ಹಿಡಿಯಿತು. ನ್ಯೂಯಾರ್ಕ್ ರಾಜ್ಯದ ಕಾರ್ನಿಂಗ್ ಊರಿಗೆ 'ಕ್ರಿಸ್ಟಲ್ ಸಿಟಿ' ಅಂತಲೇ ಹೆಸರು ಬಂತು. ಹೋರ್ ಕಂಪನಿ, ಹಾಕ್ಸ್ ಕಂಪನಿ ಅಲ್ಲಿಯವು. ಪೆನ್ಸಿಲ್ವೇನಿಯಾದ ವೈಟ್ ಮಿಲ್ಸ್‌ನಲ್ಲಿ ಡಾರ್ಫ್ಲಿಂಗರ್, ಒಹಾಯೋದ ಟೊಲೀಡೊದಲ್ಲಿ ಲಿಬ್ಬಿ. ಯುದ್ಧ ಬಂದಾಗ ಈ ಗಾಜಿಗೆ ಬೆರೆಸುವ ಸೀಸ ಅದರ ಪಾಲಾಯಿತು. ಅಷ್ಟರಲ್ಲಿ ಜನರ ರುಚಿಯೂ ಬದಲಾಗಿತ್ತು. ಗಾಜು ಕೊರೆಯುವ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು.

ಕೊರೆಯುವ ಮುಂಚಿನ ನುಣುಪು ಬಟ್ಟಲಿಗೆ ಬ್ಲ್ಯಾಂಕ್ ಅಂತ ಹೆಸರು. ದಪ್ಪ ಗೋಡೆಯ, ಸೀಸ ಬೆರೆಸಿದ ಗಾಜು. ಸೀಸ ಸೇರಿದರೆ ಗಾಜು ಸ್ವಲ್ಪ ಮೆದುವಾಗಿ ಸಾಣೆಗೆ ಒಗ್ಗುತ್ತದೆ. ಬೆಳಕನ್ನೂ ಜಾಸ್ತಿ ಬಾಗಿಸುತ್ತದೆ, ಆ ಬಣ್ಣಬಣ್ಣದ ಮಿಂಚು ಬರುವುದು ಅದಕ್ಕೇ. ಬ್ಲ್ಯಾಂಕ್ ಮೇಲೆ ದೊಡ್ಡ ಗೆರೆಗಳನ್ನಷ್ಟೇ ಕೆಂಪು ಬಣ್ಣದಲ್ಲಿ ಗುರುತು ಹಾಕುತ್ತಿದ್ದರು. ಸಣ್ಣ ಕೆಲಸವೆಲ್ಲ ಕಣ್ಣಳತೆ. ಮೊದಲು ಕಬ್ಬಿಣದ ಚಕ್ರ. ಮೇಲಿನ ಡಬ್ಬದಿಂದ ಅದರ ಅಂಚಿಗೆ ನೀರು ಬೆರೆತ ಮರಳು ಇಳಿಯುತ್ತಿರುತ್ತದೆ. ನಿಜಕ್ಕೂ ಗಾಜನ್ನು ತಿನ್ನುವುದು ಆ ಮರಳು. ಆಮೇಲೆ ಕಲ್ಲಿನ ಚಕ್ರ, ಒರಟು ಗೆರೆಯನ್ನು ನಯ ಮಾಡಲು. ಸಣ್ಣ ಗೆರೆಗಳನ್ನು ನೇರವಾಗಿ ಈ ಕಲ್ಲಿನಲ್ಲೇ ಕೊರೆಯುತ್ತಿದ್ದರು. ಕೊನೆಗೆ ಮರದ ಚಕ್ರ, ನುಣ್ಣನೆ ಪುಡಿ ಹಚ್ಚಿ ಹೊಳಪು ಕೊಡಲು.

ಇದರಲ್ಲಿ ಒಂದು ಸಂಗತಿ ನನಗೆ ಇವತ್ತಿಗೂ ಬೆರಗು. ಕೆಲಸಗಾರ ಬಟ್ಟಲನ್ನು ಚಕ್ರದ ಮೇಲೆ ಒತ್ತಿ ಹಿಡಿಯುತ್ತಿದ್ದ. ಕೊರೆತ ನಡೆಯುವುದು ಕೆಳಗಡೆ, ಬಟ್ಟಲಿನ ಆಚೆ ಮೈಯಲ್ಲಿ. ಅವನು ಬಟ್ಟಲಿನ ಒಳಗಿನಿಂದ, ದಪ್ಪ ಗಾಜಿನ ಮೂಲಕ, ಆ ಕೆಸರು ನೀರಿನ ನಡುವೆ ಕಣ್ಣು ಕೀಲಿಸಿ ಗೆರೆಯ ಕೊನೆ ಹುಡುಕಬೇಕು. ಒಂದು ಕ್ಷಣ ಜಾಸ್ತಿ ಒತ್ತಿದರೆ ಗೆರೆ ಮುಂದೆ ಹೋಯಿತು. ಅಳಿಸುವ ಹಾಗಿಲ್ಲ.

ಈಗ ಭೂತಗನ್ನಡಿ ತಗೊಳ್ಳಿ. ನನ್ನ ಹತ್ತಿರವೂ 8 ಇಂಚಿನ ಒಂದು ಬಟ್ಟಲಿದೆ. ಅದನ್ನೇ ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. ಸುತ್ತ ನಾಲ್ಕು ದೊಡ್ಡ ನಕ್ಷತ್ರ, ಅಂಚಿನ ಕಡೆ ಬೀಸಣಿಗೆ ಬಿಚ್ಚಿದಂಥ ಗೆರೆಗಳು, ನಕ್ಷತ್ರಗಳ ನಡುವೆ ವಜ್ರದಾಕಾರದ ಸಣ್ಣ ಚೌಕಗಳು. ಎರಡನೇ ನಕ್ಷತ್ರದ ಎಡ ಮೂಲೆಯಲ್ಲಿ ಒಂದು ಗೆರೆ ನಿಲ್ಲಬೇಕಾದ ಜಾಗ ದಾಟಿ ಸಾಸಿವೆ ಕಾಳಿನಷ್ಟು ಮುಂದೆ ಹೋಗಿದೆ. ಬೀಸಣಿಗೆಗಳಲ್ಲಿ ಮೂರು ಒಂದೇ ಎತ್ತರ, ನಾಲ್ಕನೆಯದು ಸ್ವಲ್ಪ ಗಿಡ್ಡ. ಗೆರೆಯ ತಳದಲ್ಲಿ ಉದ್ದಕ್ಕೂ ಕೂದಲಿಗಿಂತ ಸಣ್ಣ ಎಳೆಗಳು ಕಾಣುತ್ತವೆ. ಅವು ಮರದ ಚಕ್ರ ಓಡಿದ ಜಾಡು. ನಿಮ್ಮ ಬಟ್ಟಲಿನಲ್ಲಿ ಇಂಥ ಎರಡು ಮೂರು ಗುರುತು ಸಿಕ್ಕರೂ ಸಾಕು, ಸ್ನೇಹಿತರಿಗೆ ಉತ್ತರ ಹೇಳಬಹುದು. ಅಚ್ಚಿನ ಗಾಜಿನಲ್ಲಿ ನಾಲ್ಕೂ ನಕ್ಷತ್ರ ತದ್ರೂಪು ಇರುತ್ತವೆ, ಗೆರೆಯ ತಳ ಸುಮ್ನೆ ನುಣ್ಣಗಿರುತ್ತದೆ. ಜಾಡು ಕಾಣದ ಮಾತ್ರಕ್ಕೆ ಕಟ್ ಗ್ಲಾಸ್ ಅಲ್ಲ ಅನ್ನಬೇಡಿ. ಕೊನೆಯ ದಶಕಗಳಲ್ಲಿ ಹಲವರು ಮರದ ಚಕ್ರ ಬಿಟ್ಟು ಆಸಿಡ್‌ನಲ್ಲಿ ಅದ್ದಿ ಹೊಳಪು ಬರಿಸುತ್ತಿದ್ದರು. ಅಂಥ ಗೆರೆ ಒಂಚೂರು ಮೇಣ ಸವರಿದ ಹಾಗೆ ಕಾಣುತ್ತದೆ. ಆದರೂ ಏಣು ಬೆರಳಿಗೆ ಹತ್ತುತ್ತದೆ.

ಆ ನಕ್ಷತ್ರಕ್ಕೆ ಹಾಬ್‌ಸ್ಟಾರ್ ಅಂತಾರೆ. ಅದು ಹೇಗೆ ಹುಟ್ಟುತ್ತದೆ ಅಂತ ತಿಳಿದರೆ ಬಟ್ಟಲನ್ನು ನೋಡುವ ಕಣ್ಣೇ ಬೇರೆಯಾಗುತ್ತದೆ. ಒಂದು ಹಾಳೆ ತಗೊಂಡು ವೃತ್ತದ ಸುತ್ತ ಸಮವಾಗಿ 8 ಚುಕ್ಕಿ ಇಡಿ. ಒಂದೊಂದು ಚುಕ್ಕಿಯಿಂದ ಮುಂದಕ್ಕೆ ಎಣಿಸಿ ಮೂರನೆಯ ಚುಕ್ಕಿಗೆ ನೇರ ಗೆರೆ ಎಳೆಯಿರಿ. ಎಂಟು ಗೆರೆ ಮುಗಿದಾಗ ನಡುವೆ ಎಂಟು ಮೂಲೆಯ ಒಂದು ಜಾಗ ಖಾಲಿ ಉಳಿದಿರುತ್ತದೆ. ಆ ಗೆರೆಗಳ ಮೇಲೆಲ್ಲ ಚಕ್ರ ಓಡಿಸಿ ಗಾಜು ತೆಗೆದರೆ, ಆ ಖಾಲಿ ಜಾಗ ತೆಗೆಯದೆ ಉಳಿದು ಉಬ್ಬಾಗಿ ನಿಲ್ಲುತ್ತದೆ. ಅದೇ ಹಾಬ್. ಅದರ ನೆತ್ತಿಯ ಮೇಲೆ ಇನ್ನೊಂದು ಪುಟ್ಟ ನಕ್ಷತ್ರ ಕೊರೆದರೆ ಹಾಬ್‌ಸ್ಟಾರ್ ಆಯಿತು. ಚುಕ್ಕಿ 16 ಆಗಬಹುದು, 24 ಆಗಬಹುದು. ನನ್ನ ಬಟ್ಟಲಿನ ನಕ್ಷತ್ರಗಳಿಗೆ 16. ನಾಲ್ಕು ನಕ್ಷತ್ರಕ್ಕೆ 64 ಗೆರೆ. ಕೊರೆಯಲು ಒಂದು ಸಲ, ಹೊಳಪಿಗೆ ಒಂದು ಸಲ ಅಂತ ಕಮ್ಮಿ ಲೆಕ್ಕ ಹಿಡಿದರೂ 128 ಸಲ ಆ ಭಾರದ ಬಟ್ಟಲನ್ನು ಚಕ್ರಕ್ಕೆ ಹಿಡಿದಿದ್ದಾರೆ. ಬೀಸಣಿಗೆ, ಚೌಕ ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ವಿನ್ಯಾಸಗಳಿಂದ ಕಾಲವನ್ನೂ ಸ್ವಲ್ಪ ಅಂದಾಜು ಮಾಡಬಹುದು. ಮೊದಮೊದಲು ದೊಡ್ಡ ಗೆರೆಗಳೆಲ್ಲ ನೇರ. 1886ರಲ್ಲಿ ಡಾರ್ಫ್ಲಿಂಗರ್ ಕಂಪನಿಯ ಜಾನ್ ಓಕಾನರ್ 'ಪ್ಯಾರಿಸಿಯನ್' ವಿನ್ಯಾಸಕ್ಕೆ ಪೇಟೆಂಟ್ ಪಡೆದರು. ಆಳವಾದ ಗೆರೆ ಬಿಲ್ಲಿನ ಹಾಗೆ ಬಾಗಿದ್ದು ಅದರಲ್ಲಿ. ಆಮೇಲೆ ಬಳಕುವ ಗೆರೆಗಳು ಎಲ್ಲ ಕಡೆ ಬಂದವು. ಗಿರಗಟ್ಟೆ ತಿರುಗಿದಂತೆ ಕಾಣುವ ಪಿನ್‌ವೀಲ್, ಗೆರೆಗಳ ಜೊತೆ ಹೂವು-ಹಣ್ಣಿನ ಕೆತ್ತನೆ, ಇವು ಹೆಚ್ಚಾಗಿ 1900ರ ನಂತರದವು.

ಎಲ್ಲಕ್ಕಿಂತ ಹೆಸರಾದದ್ದು ಹಾಕ್ಸ್ ಕಂಪನಿಗಾಗಿ ಫಿಲಿಪ್ ಮೆಕ್‌ಡೊನಾಲ್ಡ್ ರಚಿಸಿದ 'ರಷ್ಯನ್' ವಿನ್ಯಾಸ. ಪೇಟೆಂಟ್ 1882ರದ್ದು. ನಕ್ಷತ್ರ ಮತ್ತು ಉಬ್ಬು, ನಕ್ಷತ್ರ ಮತ್ತು ಉಬ್ಬು, ಹೀಗೆ ಬಟ್ಟಲಿನ ಮೈಯಲ್ಲಿ ಬೆರಳಿಡಲು ಜಾಗವಿಲ್ಲದಷ್ಟು ಒತ್ತೊತ್ತಾದ ಕೆಲಸ. 1891ರಲ್ಲಿ ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ ಕಾಲದಲ್ಲಿ ಶ್ವೇತಭವನಕ್ಕೆ ತರಿಸಿದ ಗಾಜಿನ ಸೆಟ್ಟಿಗೂ ಇದೇ ವಿನ್ಯಾಸ. ಮಾಡಿಕೊಟ್ಟದ್ದು ಡಾರ್ಫ್ಲಿಂಗರ್. ನನಗೆ ಮಾತ್ರ ಅಲ್ಲಲ್ಲಿ ಬಯಲು ಬಿಟ್ಟ ವಿನ್ಯಾಸವೇ ಇಷ್ಟ. ಸ್ವಲ್ಪ ನುಣುಪು ಗಾಜು ಉಳಿದಾಗಲೇ ಕೊರೆದ ಜಾಗ ಎದ್ದು ಕಾಣುವುದು.

ಇನ್ನು, ಜನ ನಂಬುವ ಕೆಲವು ಪರೀಕ್ಷೆಗಳ ಮಾತು. "ಬೆರಳಲ್ಲಿ ತಟ್ಟಿದರೆ ಗಂಟೆಯ ಹಾಗೆ ಠಣ್ಣೆಂದರೆ ಕಟ್ ಗ್ಲಾಸ್" ಅಂತಾರೆ. ಆ ನಾದ ಹೇಳುವುದು ಗಾಜಿನಲ್ಲಿ ಸೀಸ ಇದೆ ಅಂತ ಮಾತ್ರ. 1864ರಲ್ಲಿ ವೆಸ್ಟ್ ವರ್ಜೀನಿಯಾದ ವೀಲಿಂಗ್‌ನಲ್ಲಿ ವಿಲಿಯಂ ಲೈಟನ್ ಸೀಸವಿಲ್ಲದ ಅಗ್ಗದ, ಒಳ್ಳೆಯ ಗಾಜು ಕಂಡುಹಿಡಿದರು. ಅದಕ್ಕೂ ಮುಂಚಿನ ಅಚ್ಚಿನ ಪಾತ್ರೆಗಳಲ್ಲಿ ಸೀಸ ಬೆರೆಸಿದ್ದೂ ಬೇಕಾದಷ್ಟಿವೆ. ಅವೂ ಠಣ್ಣೆನ್ನುತ್ತವೆ. ನಿನ್ನೆ ಮೊನ್ನೆ ಮಾಡಿದ ಕ್ರಿಸ್ಟಲ್ ಬಟ್ಟಲೂ ಠಣ್ಣೆನ್ನುತ್ತದೆ. ಭಾರವೂ ಅಷ್ಟೇ, ಪೂರ್ತಿ ನಂಬುವ ಹಾಗಿಲ್ಲ. ಹಳೇದಾ ಅಂತ ನೋಡಲು ನಾನು ತಳವನ್ನು ನೋಡುತ್ತೇನೆ. ನೂರು ವರ್ಷ ಮೇಜಿನ ಮೇಲೆ ಕೂತು ಎದ್ದ ಬಟ್ಟಲಿನ ತಳದಲ್ಲಿ ಗೀರುಗಳು ದಿಕ್ಕುದಿಕ್ಕಿಗೆ ಇರುತ್ತವೆ. ಒಂದು ಆಳ, ಒಂದು ತೆಳು. ಎಲ್ಲ ಒಂದೇ ಕಡೆಗೆ ಇದ್ದರೆ ಯಾರೋ ಉಪ್ಪುಕಾಗದ ತಿಕ್ಕಿದ್ದಾರೆ.

ನಿಮ್ಮ ಪ್ರಶ್ನೆಗೆ "ಎರಡೂ ಹೌದು" ಅನ್ನುವ ಉತ್ತರವೂ ಇದೆ. 1900ರ ಸುಮಾರಿಗೆ ಖರ್ಚು ಉಳಿಸಲು ಕೆಲವರು ದೊಡ್ಡ ಗೆರೆಗಳನ್ನು ಅಚ್ಚಿನಲ್ಲೇ ಒತ್ತಿಸಿ ತಂದು, ಅದರ ಮೇಲೆ ಚಕ್ರ ಓಡಿಸಿ ಚೂಪು ಮಾಡಿ, ಸಣ್ಣ ಕೆಲಸವನ್ನಷ್ಟೇ ಕೈಯಲ್ಲಿ ಕೊರೆಯುತ್ತಿದ್ದರು. ಇದಕ್ಕೆ ಫಿಗರ್ಡ್ ಬ್ಲ್ಯಾಂಕ್ ಅಂತ ಹೆಸರು. ಬಟ್ಟಲಿನ ಒಳಮೈಯಲ್ಲಿ ಕಣ್ಣು ಮುಚ್ಚಿ ಬೆರಳಾಡಿಸಿ. ಹೊರಗಿನ ದೊಡ್ಡ ಗೆರೆಗಳಿಗೆ ಸರಿಯಾಗಿ ಒಳಗೂ ಮೆಲುವಾದ ಅಲೆ ಸಿಕ್ಕರೆ ಇದೇ ಇರಬಹುದು. ಒಳಗೆ ಪೂರ್ತಿ ನುಣುಪಿದ್ದರೆ ಒಳ್ಳೆಯ ಲಕ್ಷಣ.

ಕಂಪನಿಯ ಗುರುತು ಇದೆಯಾ ಅಂತಲೂ ನೋಡಿ. ಸಾಮಾನ್ಯವಾಗಿ ಬಟ್ಟಲಿನ ಒಳಗೆ, ತಳದ ನಡುವೆ ಆಸಿಡ್‌ನಲ್ಲಿ ಒತ್ತಿರುತ್ತಾರೆ. ಎಷ್ಟು ಮಸುಕು ಅಂದರೆ, ಓರೆಯಾಗಿ ಹಿಡಿದು ಬಾಯಿಂದ ಹಾ ಅಂತ ಉಸಿರು ಬಿಟ್ಟರೆ ಆ ಮಂಜಿನಲ್ಲಿ ಒಂದು ಕ್ಷಣ ಮೂಡುತ್ತದೆ. ಲಿಬ್ಬಿಯದಾದರೆ ಹೆಸರಿನ ಕೆಳಗೆ ಕತ್ತಿ. ಹಾಕ್ಸ್‌ದಾದರೆ ಮೂರೆಲೆಯ ಚೌಕಟ್ಟಿನೊಳಗೆ ಎರಡು ಗಿಡುಗ. ಹೋರ್‌ದಾದರೆ ವೃತ್ತದ ನಡುವೆ 1853. ಗುರುತಿಲ್ಲ ಅಂತ ಬೇಜಾರಾಗಬೇಡಿ. ಆ ಕಾಲದ ಹೆಚ್ಚಿನ ಬಟ್ಟಲುಗಳಿಗೆ ಗುರುತೇ ಇಲ್ಲ. ಇದ್ದರೂ ಪೂರ್ತಿ ನಂಬಬೇಡಿ. ಒಮ್ಮೆ ಒಂದು ಅಂಗಡಿಯಲ್ಲಿ ಹಾಕ್ಸ್ ಗುರುತು ನೋಡಿದ ಖುಷಿಗೆ ಬಟ್ಟಲನ್ನು ಪರೀಕ್ಷಿಸದೆ ತಂದೆ. ಮನೆಯಲ್ಲಿ ಭೂತಗನ್ನಡಿ ಹಿಡಿದಾಗ ಹಳೇ ಗೀರುಗಳು ಕೆಳಗೆ, ಗುರುತು ಅವುಗಳ ಮೇಲೆ! ಗೀರು ಬಿದ್ದು ಎಷ್ಟೋ ವರ್ಷವಾದ ಮೇಲೆ ಯಾರೋ ಒತ್ತಿದ ಗುರುತು ಅದು. ಅವತ್ತಿನಿಂದ ಮೊದಲು ಏಣು, ಆಮೇಲೆ ತಳ, ಗುರುತು ಕೊನೆಗೆ.

ಕಟ್ ಗ್ಲಾಸ್ ಅಂತ ಖಾತ್ರಿಯಾದರೆ ಡಿಶ್‌ವಾಶರ್‌ಗೆ ಹಾಕಲೇಬೇಡಿ. ಬಿಸಿ ಪಾಯಸ ಸುರಿಯುವುದು, ಫ್ರಿಜ್‌ನಲ್ಲಿಡುವುದು ಎರಡೂ ಬೇಡ. ದಪ್ಪ ಗಾಜು ಒಂದು ಕಡೆ ಹಿಗ್ಗಿ ಇನ್ನೊಂದು ಕಡೆ ಹಿಗ್ಗದೆ ಬಿರುಕು ಬಿಡುತ್ತದೆ. ಉಪ್ಪಿನಕಾಯಿ, ನಿಂಬೆರಸ ಇಟ್ಟರೆ ಹುಳಿಗೆ ಸೀಸ ಬಿಡುತ್ತದೆ, ಆರೋಗ್ಯಕ್ಕೆ ಕೆಟ್ಟದ್ದು. ಉಗುರುಬೆಚ್ಚಗಿನ ನೀರು, ಒಂದು ಹನಿ ಸೋಪು, ಗೆರೆಗಳಿಗೆ ಮೆತ್ತನೆ ಬ್ರಷ್, ಸಿಂಕ್‌ನಲ್ಲಿ ಒಂದು ಟವೆಲ್. ಇಷ್ಟೇ.

ನ್ಯೂಜೆರ್ಸಿಯಿಂದ ಕಾರ್ನಿಂಗ್ ಅಂಥಾ ದೂರವಲ್ಲ. ರಜೆಯಲ್ಲಿ ಅಲ್ಲಿನ ಗಾಜಿನ ಮ್ಯೂಸಿಯಂಗೆ ಒಂದು ಸಲ ಹೋಗಿ ಬನ್ನಿ. ಇಂಡಿಯಾಕ್ಕೆ ಬಂದಾಗ ಬಿಡುವಿದ್ದರೆ ಉದಯಪುರದ ಫತೇಪ್ರಕಾಶ ಅರಮನೆಯನ್ನೂ ನೋಡಿ. ಬರ್ಮಿಂಗ್‌ಹ್ಯಾಮ್‌ನ ಆಸ್ಲರ್ ಕಂಪನಿಯಿಂದ ತರಿಸಿದ ಕಟ್ ಗ್ಲಾಸ್ ಕುರ್ಚಿ, ಮೇಜು, ಮಂಚ ಕೂಡ ಅಲ್ಲಿವೆ. ಅದಕ್ಕೂ ಮುಂಚೆ ಬಟ್ಟಲನ್ನು ಕಿಟಕಿಯ ಹತ್ತಿರ ಇಟ್ಟು ಎರಡು ಫೋಟೊ ತೆಗೆದು ಕಳಿಸಿ. ಪೂರ್ತಿ ಬಟ್ಟಲಿನದು ಬೇಡ. ಒಂದು ನಕ್ಷತ್ರದ ಮೂಲೆ, ಎಷ್ಟು ಹತ್ತಿರದಿಂದ ಆಗುತ್ತೋ ಅಷ್ಟು. ಇನ್ನೊಂದು ತಳದ ಗೀರುಗಳದ್ದು.