ಹ್ಯಾಂಡಲ್ ನಡುಕ, ಕೈ ಜೋಮು: ಗ್ರಿಪ್ ಬದಲಿಸುವ ಮುಂಚೆ ನೋಡಬೇಕಾದ್ದು

ಕೈ ಜೋಮು ಹಿಡಿಯುತ್ತದೆ ಎಂದು ಬೈಕನ್ನು ಗ್ಯಾರೇಜಿಗೆ ತಂದರೆ ಸಾಮಾನ್ಯವಾಗಿ ಸಿಗುವ ಮದ್ದು ದಪ್ಪ ಗ್ರಿಪ್. ಅದು ಕೊನೆಗೆ ನೋಡಬೇಕಾದ್ದು. ನಡುಕ ಎಂಜಿನ್‌ನದೋ, ಚಕ್ರದ್ದೋ, ಅಥವಾ ತೊಂದರೆ ನಾವು ಹಿಡಿಯುವ ರೀತಿಯಲ್ಲೇ ಇದೆಯೋ ಎಂಬುದನ್ನು ಮೊದಲು ಬೇರ್ಪಡಿಸಬೇಕು.

ಲೆಕ್ಕ ಹಾಕಿದರೆ ವ್ಯತ್ಯಾಸ ಕಾಣುತ್ತದೆ. ಒಂಟಿ ಸಿಲಿಂಡರ್ ಎಂಜಿನ್ 4800 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 4800 ಸುತ್ತಿನಲ್ಲಿ, ಸೆಕೆಂಡಿಗೆ 80 ಸುತ್ತು ತಿರುಗುತ್ತದೆ. ಪಿಸ್ಟನ್ನಿನ ಬಡಿತವೂ ಅಷ್ಟೇ ಸಲ. ಅಂಗೈಗೆ ಅದು ಜುಂ ಎಂದು ಗೊತ್ತಾಗುತ್ತದೆ. 18 ಇಂಚಿನ ಮುಂಚಕ್ರದ ಸುತ್ತಳತೆ ಟೈರ್ ಸೇರಿ ಸುಮಾರು 1.95 ಮೀಟರ್. ಗಂಟೆಗೆ 60 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ ಎಂಟೂವರೆ ಸುತ್ತು ಮಾತ್ರ. ಹಾಗಾಗಿ ಚಕ್ರದ ದೋಷ ಹ್ಯಾಂಡಲನ್ನು ಅಲ್ಲಾಡಿಸುತ್ತದೆ, ಜುಂ ಎನ್ನಿಸುವುದಿಲ್ಲ.

ಖಚಿತಪಡಿಸಿಕೊಳ್ಳಲು ಹಾಸನ–ಬೇಲೂರು ರಸ್ತೆಯಲ್ಲಿ ನೇರ, ಖಾಲಿ ಜಾಗ ಸಾಕು. 60ರಲ್ಲಿ ಹೋಗುತ್ತಾ ಆಕ್ಸಿಲರೇಟರ್ ಬಿಟ್ಟು ಕ್ಲಚ್ ಹಿಡಿಯಿರಿ. ನಡುಕ ನಿಂತರೆ ಎಂಜಿನ್ ಕಡೆಯದು. ಹಾಗೇ ಉಳಿದರೆ ಚಕ್ರ, ಟೈರ್ ಅಥವಾ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಕಡೆಯ ಬೇರಿಂಗ್). ಆಮೇಲೆ ಅದೇ ವೇಗದಲ್ಲಿ ಒಂದು ಗೇರ್ ಇಳಿಸಿ, ಎಂಜಿನ್ ಸುತ್ತು ಏರಿಸಿ ನೋಡಿ. ಕನ್ನಡಿಯಲ್ಲಿ ಹಿಂದಿನ ಗಾಡಿ ಯಾವ ಆರ್‌ಪಿಎಂನಲ್ಲಿ ಮಸುಕಾಗುತ್ತದೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಮುಂದೆ ಅದು ಬೇಕಾಗುತ್ತದೆ.

ಎಂಜಿನ್ ಕಡೆ ಮೊದಲ ಅನುಮಾನ ಅದನ್ನು ಫ್ರೇಮಿಗೆ ಕೂಡಿಸುವ ಮೌಂಟಿಂಗ್ ಬೋಲ್ಟುಗಳ ಮೇಲೆ. ಒಂದು ಸಡಿಲವಾದರೂ ಎಂಜಿನ್ ಫ್ರೇಮಿಗೆ ಬಡಿಯುತ್ತದೆ, ಕ್ರಮೇಣ ರಂಧ್ರವೂ ಅಗಲವಾಗುತ್ತದೆ. ಕಂಪನಿ ಪುಸ್ತಕದಲ್ಲಿರುವ ಟಾರ್ಕಿಗೇ (ಬಿಗಿತದ ಅಳತೆಗೇ) ಬಿಗಿಮಾಡಿ, ಕೈಯಂದಾಜು ಬೇಡ. ರಬ್ಬರ್ ಬುಷ್ ಇದ್ದರೆ ಬಿರುಕು ನೋಡಿ. ಎಂಜಿನ್ ಬಿಚ್ಚಿ ಕೂಡಿಸಿದ ಮೇಲೆಯೇ ನಡುಕ ಶುರುವಾಗಿದ್ದರೆ ಎಂಜಿನ್ ಬಡಿತವನ್ನು ಸರಿದೂಗಿಸುವ ಬ್ಯಾಲೆನ್ಸರ್ ಗೇರಿನ ಗುರುತು ಒಂದು ಹಲ್ಲು ತಪ್ಪಿರಬಹುದು. ಆಗ ಯಾವ ಗ್ರಿಪ್ಪೂ ಉಪಯೋಗಕ್ಕೆ ಬಾರದು, ಮತ್ತೆ ಬಿಚ್ಚಲೇಬೇಕು.

ಚಕ್ರದ ವಿಷಯ ಬೇಗ ಮುಗಿಯುತ್ತದೆ. ಗಾಳಿ ಸರಿಯಿದೆಯೇ, ಟೈರ್ ಅಲ್ಲಲ್ಲಿ ಸವೆದಿದೆಯೇ, ಕಡ್ಡಿ ಸಡಿಲವೇ ನೋಡಿ. ರಿಮ್ಮಿನ ಬೆಂಡ್ ಸಾಮಾನ್ಯವಾಗಿ 2 ಮಿ.ಮೀ. ದಾಟಬಾರದು. ಮುಂಚಕ್ರ ಎತ್ತಿ ಫೋರ್ಕಿನ ಕೆಳತುದಿ ಹಿಡಿದು ಹಿಂದೆ ಮುಂದೆ ಎಳೆದಾಗ ಟಕ್ ಎಂದರೆ ಕೋನ್ ಸೆಟ್ ಸಡಿಲ.

ಹ್ಯಾಂಡಲ್ ತುದಿಗೆ ತೂಕ ಹಾಕಿದರೆ ನಡುಕ ಹೋಗಿಯೇಬಿಡುತ್ತದೆ ಎಂಬ ತಪ್ಪು ತಿಳಿವಳಿಕೆ ಹೆಚ್ಚು. ಹ್ಯಾಂಡಲ್ ಪೈಪಿಗೆ ತನ್ನದೇ ಒಂದು ಸಹಜ ಕಂಪನ ಇರುತ್ತದೆ. ಎಂಜಿನ್ನಿನ ಬಡಿತ ಅದಕ್ಕೆ ಹೊಂದಿಕೊಂಡಾಗ ನಡುಕ ದಿಢೀರನೆ ಏರುತ್ತದೆ. ತುದಿಗೆ ತೂಕ ಹಾಕಿದರೆ ಆ ಸಹಜ ಕಂಪನ ಕೆಳಗಿಳಿಯುತ್ತದೆ. ಅಂದರೆ ನಡುಕ ಕಡಿಮೆ ಆರ್‌ಪಿಎಂಗೆ ಸರಿಯುತ್ತದೆ. ನೀವು ದಿನವೂ ಓಡಿಸುವ ಆರ್‌ಪಿಎಂಗೇ ಬಂದು ಕೂತರೆ ತೊಂದರೆ ಇನ್ನೂ ಜಾಸ್ತಿ. ಬರೆದಿಟ್ಟ ಸಂಖ್ಯೆ ಈಗ ಕೆಲಸಕ್ಕೆ ಬರುತ್ತದೆ: ತೂಕ ಹಾಕಿ, ಮತ್ತೆ ಓಡಿಸಿ, ಕನ್ನಡಿ ಎಲ್ಲಿ ಮಸುಕಾಯಿತು ಹೋಲಿಸಿ. ಎರಡೂ ಕಡೆ ಸಮ ತೂಕವಿರಲಿ. ಆಕ್ಸಿಲರೇಟರ್ ಕಡೆ ಗ್ರಿಪ್ಪಿಗೂ ತೂಕಕ್ಕೂ ನಡುವೆ ಒಂದೆರಡು ಮಿ.ಮೀ. ಸಂದು ಬಿಡಿ; ತಾಗಿದರೆ ಆಕ್ಸಿಲರೇಟರ್ ವಾಪಸ್ ಬರುವುದಿಲ್ಲ, ಅದು ಜೀವಕ್ಕೇ ಅಪಾಯ.

ಇನ್ನು ಕೈ. ಯಾವ ಬೆರಳು ಜೋಮು ಹಿಡಿಯುತ್ತದೆ ಎಂಬುದೇ ಸುಳಿವು. ಕಿರುಬೆರಳು ಮತ್ತು ಉಂಗುರದ ಬೆರಳಿನ ಅರ್ಧ ಮರಗಟ್ಟಿದರೆ ಅಂಗೈಯ ಹೊರ ಅಂಚಿನಲ್ಲಿ ಅಲ್ನಾರ್ ನರದ ಮೇಲೆ ಒತ್ತಡ ಬೀಳುತ್ತಿದೆ. ಮೈಭಾರ ಕೈಮೇಲೆ ಬಿದ್ದಿದೆ ಎಂದರ್ಥ. ಹೆಬ್ಬೆರಳು, ತೋರುಬೆರಳು, ನಡುಬೆರಳು ಆದರೆ ಮೀಡಿಯನ್ ನರ, ಮಣಿಕಟ್ಟು ಮಡಚಿಕೊಂಡಿರುತ್ತದೆ. ಸೀಟಿನಲ್ಲಿ ಕೂತು ಬೆರಳು ಲಿವರ್ ಮೇಲಿಟ್ಟಾಗ ಮುಂಗೈ, ಮಣಿಕಟ್ಟು, ಬೆರಳು ಒಂದೇ ಗೆರೆಯಲ್ಲಿರುವಂತೆ ಲಿವರ್ ಕ್ಲಾಂಪ್ ಸಡಿಲಿಸಿ ತಿರುಗಿಸಿ. ಹ್ಯಾಂಡಲನ್ನೇ ಅದರ ಕ್ಲಾಂಪಿನಲ್ಲಿ ತಿರುಗಿಸಿ ಕೂರಿಸಿದರೆ ಎಡಬಲ ಪೂರ್ತಿ ಹೊರಳಿಸಿ, ಕೇಬಲ್ ಬಿಗಿಯಾಗಿ ಐಡ್ಲಿಂಗ್ ಏರುತ್ತದೆಯೇ ನೋಡಿ. ಕ್ಲಚ್ ಲಿವರ್ ತುದಿಯಲ್ಲಿ 10ರಿಂದ 20 ಮಿ.ಮೀ. ಸಡಿಲ ಆಟವಿರಲಿ, ಒಣಗಿದ ಕೇಬಲ್ಲಿಗೆ ಎಣ್ಣೆ ಬಿಡಿ. ಟ್ರಾಫಿಕ್ಕಿನಲ್ಲಿ ಎಡಗೈ ನೋವಿಗೆ ಹೆಚ್ಚಾಗಿ ಒಣ ಕೇಬಲ್ಲೇ ಕಾರಣ.

ದಪ್ಪ ಗ್ರಿಪ್ ಸಣ್ಣ ಕೈಗೆ ಹಿಡಿತ ತಪ್ಪಿಸುತ್ತದೆ, ಆಗ ಇನ್ನೂ ಬಿಗಿಯಾಗಿ ಹಿಡಿಯುತ್ತೇವೆ. ಬಿಗಿದಷ್ಟೂ ನಡುಕ ಕೈಗೆ ಹೆಚ್ಚು ದಾಟುತ್ತದೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯಿಂದ ಇಳಿಯುವಾಗ ಇದು ಸ್ಪಷ್ಟ. ಮೈ ಮುಂದಕ್ಕೆ ಜಾರುತ್ತದೆ, ಕೈ ತಾನಾಗಿ ಬಿಗಿಯುತ್ತದೆ. ತೊಡೆಯಿಂದ ಟ್ಯಾಂಕ್ ಒತ್ತಿ ಹಿಡಿದರೆ ಭಾರ ಕಾಲಿಗೆ ಹೋಗುತ್ತದೆ. ತೋಟದ ಕಲ್ಲುದಾರಿಯಲ್ಲಿ ಫುಟ್‌ರೆಸ್ಟ್ ಮೇಲೆ ಅರ್ಧ ಎದ್ದು, ಮೊಣಕೈ ಸಡಿಲ ಬಿಡಿ.

ಮಾಗಿಯ ಬೆಳಗ್ಗೆ ಚಳಿಗೆ ಬೆರಳಿನ ರಕ್ತನಾಳ ಕುಗ್ಗುತ್ತದೆ, ಜೋಮು ಬೇಗ ಹಿಡಿಯುತ್ತದೆ. ಗಾಳಿ ತಡೆಯುವ ಗ್ಲೌಸ್ ಬೇಕು, ಆದರೆ ಬಿಗಿಯಾದದ್ದು ಬೇಡ. ಗಾಡಿ ಇಳಿದ ಮೇಲೂ ಜೋಮು ಉಳಿದರೆ, ರಾತ್ರಿ ಎಚ್ಚರವಾದರೆ ಅಥವಾ ಚಳಿಯಲ್ಲಿ ಬೆರಳು ಬಿಳಿಚಿಕೊಂಡರೆ ಅದು ಗ್ಯಾರೇಜಿನ ಕೆಲಸವಲ್ಲ, ಡಾಕ್ಟರಿಗೆ ತೋರಿಸಿ.