ಫಾಸ್ಟ್‌ಬ್ರೇಕ್ ತಡೆಯಬೇಕಾದರೆ ನಮ್ಮ ಶಾಟ್‌ನಿಂದಲೇ ಶುರು ಮಾಡಿ

ಮುಂಬೈನ ಮಾಟುಂಗದಲ್ಲಿ ಸಂಜೆ ನಮ್ಮ ಜೊತೆ ಬಾಸ್ಕೆಟ್‌ಬಾಲ್ ಆಡಲು ಬರುವ ಕನ್ನಡದ ಹುಡುಗ ಹುಡುಗಿಯರಿಗಾಗಿ ಈ ಟಿಪ್ಪಣಿ.

ಒಳ್ಳೆಯ ಡಿಫೆನ್ಸ್ ಇದ್ದರೆ ಫಾಸ್ಟ್‌ಬ್ರೇಕ್, ಅಂದರೆ ಎದುರಾಳಿ ಹಿಂದೆ ಬಂದು ನಿಲ್ಲುವ ಮೊದಲೇ ಓಡಿ ಮಾಡುವ ದಾಳಿ, ಸಿಗುತ್ತದೆ, ಇದು ಎಲ್ಲರಿಗೂ ಗೊತ್ತು. ಚೆಂಡು ಕಸಿದುಕೊಳ್ಳಿ, ಇಲ್ಲವೇ ರಿಬೌಂಡ್ (ತಪ್ಪಿದ ಶಾಟ್‌ನ ಚೆಂಡು) ಹಿಡಿದು ಸೈಡಿಗೆ ಔಟ್‌ಲೆಟ್ ಪಾಸ್, ಅಂದರೆ ದಾಳಿ ಶುರು ಮಾಡುವ ಮೊದಲ ಪಾಸ್, ಕೊಡಿ, ಓಡಿ. ಬಾಸ್ಟನ್ ಸೆಲ್ಟಿಕ್ಸ್‌ನ ಬಿಲ್ ರಸೆಲ್ ಬ್ಲಾಕ್ ಮಾಡಿದ ಚೆಂಡನ್ನು ಲೈನಿನಾಚೆ ಬಾರಿಸದೆ ಕೋರ್ಟಿನೊಳಗೇ ಉಳಿಸುವುದರಲ್ಲಿ ಹೆಸರುವಾಸಿ. ಬ್ಲಾಕ್ ಆದ ಕೂಡಲೇ ಅವರ ಟೀಮ್ ಓಟ ಕೀಳುತ್ತಿತ್ತು.

ನನ್ನ ತಲೆಗೆ ಹತ್ತಲು ಹೊತ್ತು ಹಿಡಿದಿದ್ದು ಇದರ ಉಲ್ಟಾ. ನಾವು ಹೊಡೆಯುವ ಶಾಟ್ ನಮ್ಮದೇ ಡಿಫೆನ್ಸನ್ನು ಹೇಗೆ ಕೆಡಿಸುತ್ತದೆ?

ಶಾಟ್ ಬಿತ್ತು ಅನ್ನಿ. ಎದುರಾಳಿ ಚೆಂಡು ಎತ್ತಿಕೊಂಡು, ಬೇಸ್‌ಲೈನ್ ದಾಟಿ, ಅಲ್ಲಿಂದ ಒಳಗೆ ಎಸೆಯಬೇಕು. ಅಷ್ಟರಲ್ಲಿ ನಾವು ಹಿಂದೆ ಬಂದು ನಿಂತಿರುತ್ತೇವೆ. ನಮ್ಮ ಪಾಸ್ ತಪ್ಪಿ ಚೆಂಡು ಹೊರಗೆ ಹೋದರೂ ಉಸಿರಾಡಲು ಸಮಯ ಇರುತ್ತದೆ. ಅದೇ ಪಾಸ್ ಎದುರಾಳಿಯ ಕೈಗೆ ಸಿಕ್ಕರೆ? ಅದರಲ್ಲೂ ಟಾಪ್‌ನಲ್ಲಿ (ರಿಂಗ್‌ಗೆ ನೇರ ಎದುರು, ಥ್ರೀ ಲೈನಿನ ಹತ್ತಿರ) ಅಡ್ಡ ಪಾಸ್ ಕದ್ದರೆ ಅವನ ಮುಂದೆ ನಮ್ಮವರು ಯಾರೂ ಇರುವುದಿಲ್ಲ.

ಇನ್ನು ತಪ್ಪಿದ ಕಾರ್ನರ್ ಥ್ರೀ, ಅಂದರೆ ಮೂಲೆಯಿಂದ ಹೊಡೆಯುವ ಮೂರು ಪಾಯಿಂಟ್ ಶಾಟ್. ಇದನ್ನು ನಿಧಾನವಾಗಿ ನೋಡೋಣ. ಕೋರ್ಟಿನ ಉದ್ದ 28 ಮೀಟರ್. ಕಾರ್ನರ್‌ನಲ್ಲಿರುವ ಶೂಟರ್ ಬೇಸ್‌ಲೈನಿನಿಂದ ಒಂದೂವರೆ ಮೀಟರ್ ದೂರದಲ್ಲಿದ್ದಾನೆ ಅನ್ನಿ. ಫ್ರೀ ಥ್ರೋ ಲೈನ್ ಇರುವುದು 5.8 ಮೀಟರ್‌ನಲ್ಲಿ. ದೂರದ ಶಾಟ್ ರಿಮ್‌ಗೆ ಬಡಿದರೆ ಚೆಂಡೂ ದೂರ ಹಾರುತ್ತದೆ, ಅಲ್ವಾ? ಫ್ರೀ ಥ್ರೋ ಲೈನಿನಲ್ಲಿ ಅದನ್ನು ಹಿಡಿದವನು ನಮ್ಮ ಶೂಟರ್‌ಗಿಂತ 4 ಮೀಟರ್‌ಗೂ ಜಾಸ್ತಿ ಮುಂದಿದ್ದಾನೆ. ಅವನ ಭುಜ ಆಗಲೇ ತಿರುಗಿರುತ್ತದೆ. ಶೂಟರ್‌ನ ಕಣ್ಣು ಇನ್ನೂ ರಿಂಗ್ ಮೇಲೆ, ಕೈ ಇನ್ನೂ ಮೇಲೆ! ಆ ಕಡೆ ಕಾರ್ನರ್‌ನಲ್ಲಿ ಇನ್ನೊಬ್ಬ, ರಿಂಗ್ ಕೆಳಗೆ ಸೆಂಟರ್. ಮೂವರು ಹಿಂದೆ ಬಿದ್ದಾಯಿತು. ಉಳಿದವರು ಇಬ್ಬರೇ.

ಹಾಗಂತ ಕಾರ್ನರ್ ಥ್ರೀ ಬಿಡಬೇಕಿಲ್ಲ, ಅದು ಒಳ್ಳೆಯ ಶಾಟ್. ಆದರೆ ಚೆಂಡು ಶೂಟರ್‌ನ ಕೈ ಬಿಟ್ಟ ಕ್ಷಣವೇ ಟಾಪ್‌ನ ಇಬ್ಬರು ಹಿಂದಕ್ಕೆ ಓಡಬೇಕು. ರಿಮ್‌ಗೆ ಬಡಿಯುವವರೆಗೆ ಸುಮ್ನೆ ನೋಡುತ್ತಾ ನಿಂತರೆ ಕೆಲಸ ಕೆಟ್ಟಿತು. ಬೆಂಚಿನಿಂದ ‘ಪೀಛೆ, ಪೀಛೆ!’ ಅನ್ನುವ ಕೂಗು ಬರುವ ಹೊತ್ತಿಗೆ ತಡವಾಗಿರುತ್ತದೆ.

ಆಫೆನ್ಸಿವ್ ರಿಬೌಂಡ್‌ಗೆ, ಅಂದರೆ ನಮ್ಮದೇ ತಪ್ಪಿದ ಶಾಟ್‌ನ ಚೆಂಡಿಗೆ, ಎಷ್ಟು ಜನ ನುಗ್ಗಬೇಕು? ಸಿಕ್ಕರೆ ಶಾಟ್ ಕ್ಲಾಕ್‌ನಲ್ಲಿ (ಶಾಟ್ ಹೊಡೆಯಲು ಇರುವ ಗಡುವು) 14 ಸೆಕೆಂಡ್ ಸಿಗುತ್ತದೆ, ಆಸೆ ಸಹಜ. ನಮ್ಮ ಮಟ್ಟಕ್ಕೆ ಇಬ್ಬರು ಸಾಕು ಅನ್ನುವುದು ನನ್ನ ಅಭಿಪ್ರಾಯ. ಚೆಂಡು ಸಿಗದಿದ್ದರೂ ಅವರ ಕೆಲಸ ಮುಗಿಯುವುದಿಲ್ಲ. ರಿಬೌಂಡ್ ಹಿಡಿದವನ ಎದುರು ಕೈ ಎತ್ತಿ ನಿಂತು, ಔಟ್‌ಲೆಟ್ ಪಾಸನ್ನು ಒಂದು ಸೆಕೆಂಡ್ ತಡ ಮಾಡಿಸಿದರೂ ಉಳಿದವರು ಅರ್ಧ ಕೋರ್ಟ್ ದಾಟಿರುತ್ತಾರೆ.

ಹಿಂದೆ ಬಂದವರು ಮೊದಲು ತಮ್ಮ ತಮ್ಮ ಆಳನ್ನು ಹುಡುಕಬಾರದು. ಒಬ್ಬರು ರಿಂಗ್ ಮುಂದೆ, ಇನ್ನೊಬ್ಬರು ಚೆಂಡಿಗೆ ಅಡ್ಡ. ಡ್ರಿಬಲ್ ಮಾಡುವವನನ್ನು ನಡುವಿನಿಂದ ಸೈಡಿಗೆ ತಳ್ಳಿದ ಮೇಲೆ ಯಾರು ಯಾರನ್ನು ಹಿಡಿಯಬೇಕು ಅಂತ ಕೂಗಿ ಹೇಳಿ.